ಅಗ್ಗದ ಎಂಜಿನ್ನಿನ ನಿಜವಾದ ವೆಚ್ಚ

ಹಳೆಯ ಯಂತ್ರವನ್ನು ಕಡಿಮೆ ಬೆಲೆಗೆ ಕೊಂಡು, ದುರಸ್ತಿಗೊಳಿಸಿ ದುಡಿಸಿಕೊಳ್ಳುವ ಕ್ರಮ ಸಣ್ಣ ಕೈಗಾರಿಕೆಗಳಿಗೆ ಹೊಸತಲ್ಲ. ಹರಾಜಿನಲ್ಲಿ ಕೊಂಡ ಲೇತ್, ರೀಬೋರ್ ಮಾಡಿಸಿದ ಡೀಸೆಲ್ ಎಂಜಿನ್ ಇವುಗಳ ಬಲದಿಂದಲೇ ತಲೆಯೆತ್ತಿದ ಘಟಕಗಳು ಅನೇಕ. ಆದರೆ ಕೊಂಡ ಬೆಲೆಯನ್ನೇ ಯಂತ್ರದ ವೆಚ್ಚವೆಂದು ಭಾವಿಸಿ ಕೈಸುಟ್ಟುಕೊಂಡವರೂ ಕಡಿಮೆಯಿಲ್ಲ. ಈ ತಪ್ಪು ಎಣಿಕೆಯ ಪರಿಣಾಮ ಅತ್ಯಂತ ಸ್ಪಷ್ಟವಾಗಿ ಗೋಚರಿಸುವ ಕ್ಷೇತ್ರವೊಂದಿದೆ. ಅಮೆರಿಕದ ಹವ್ಯಾಸಿಗಳು ತಾವೇ ಕಟ್ಟುವ ಸಣ್ಣ ವಿಮಾನಗಳಿಗೆ ಹಳೆಯ ಕಾರಿನ ಎಂಜಿನ್ ಅಳವಡಿಸುವ ಕಾರ್ಯವೇ ಅದು.

ಈ ಪರಂಪರೆಗೆ ಸುಮಾರು ಒಂದು ಶತಮಾನದ ಇತಿಹಾಸವಿದೆ. ಮಿನ್ನೆಸೋಟ ರಾಜ್ಯದ ಚೆರ್ರಿ ಗ್ರೋವ್ ಎಂಬ ಊರಿನ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ತಾವು ಕಟ್ಟಿದ ಏರ್ ಕ್ಯಾಂಪರ್ ವಿಮಾನವನ್ನು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ನಿನಿಂದ ಹಾರಿಸಿದರು. 1960ರ ದಶಕದಲ್ಲಿ ಅವರು ಷೆವರ್ಲೆ ಕಂಪನಿಯ ಕಾರ್ವೇರ್ ಕಾರಿನ ಎಂಜಿನ್ನಿನತ್ತ ತಿರುಗಿದರು. ಗಾಳಿಯಿಂದ ತಂಪಾಗುವ, ಆರು ಸಿಲಿಂಡರುಗಳು ಎದುರುಬದುರಾಗಿ ಮಲಗಿರುವ ಈ ಎಂಜಿನ್ ರಚನೆಯಲ್ಲಿ ಸಣ್ಣ ವಿಮಾನಗಳ ಎಂಜಿನ್ನನ್ನೇ ಹೋಲುತ್ತದೆ. 1960ರಿಂದ 1969ರವರೆಗಿನ ಮಾದರಿಗಳಲ್ಲಿ 17 ಲಕ್ಷಕ್ಕೂ ಹೆಚ್ಚು ಕಾರ್ವೇರ್ ಕಾರುಗಳು ತಯಾರಾದುದರಿಂದ ಗುಜರಿಯಲ್ಲಿ ಎಂಜಿನ್ ಸುಲಭವಾಗಿ ದೊರೆಯುವಂತಾಯಿತು. ಪ್ರಮಾಣೀಕೃತ ವಿಮಾನ ಎಂಜಿನ್ನಿನ ಬೆಲೆಯ ಮುಂದೆ ಅದರ ಬೆಲೆ ಅತ್ಯಲ್ಪ. ಎಣಿಕೆ ತಪ್ಪುವುದು ಇಲ್ಲಿಯೇ.

ಕೆಲಸದ ಸ್ವರೂಪ ಬೇರೆ

ರಸ್ತೆಯಲ್ಲಿ ಸಾಗುವ ಕಾರು ಬಹುಪಾಲು ಸಮಯ ತನ್ನ ಶಕ್ತಿಯ ಸ್ವಲ್ಪ ಅಂಶವನ್ನು ಮಾತ್ರ ಬಳಸುತ್ತದೆ. ವಿಮಾನದ ಎಂಜಿನ್ ಶೇ. 65ರಿಂದ 75ರಷ್ಟು ಶಕ್ತಿಯನ್ನು ಗಂಟೆಗಟ್ಟಲೆ ಎಡೆಬಿಡದೆ ನೀಡಬೇಕು. ಅದರ ಮೇಲೆ, ತಿರುಗುವ ಪ್ರೊಪೆಲ್ಲರ್ ವಿಮಾನವು ದಿಕ್ಕು ಬದಲಿಸಿದಾಗಲೆಲ್ಲ ಕ್ರ್ಯಾಂಕ್ ಶಾಫ್ಟನ್ನು ಬಾಗಿಸಲು ಯತ್ನಿಸುತ್ತದೆ. ಕಾರಿನಲ್ಲಿ ಈ ಹೊರೆ ಇರಲೇ ಇಲ್ಲ. 2000ದ ದಶಕದಲ್ಲಿ ಹಾರಾಟದಲ್ಲಿದ್ದ ಕೆಲವು ಕಾರ್ವೇರ್ ಎಂಜಿನ್ನುಗಳ ಕ್ರ್ಯಾಂಕ್ ಶಾಫ್ಟ್ ತುಂಡಾದ ಮೇಲೆ ಈ ಸತ್ಯ ಎಲ್ಲರ ಅರಿವಿಗೆ ಬಂದಿತು. ಶಾಫ್ಟಿನ ಮೇಲ್ಮೈಯನ್ನು ನೈಟ್ರೈಡಿಂಗ್ ವಿಧಾನದಿಂದ ಗಟ್ಟಿಗೊಳಿಸುವುದು, ಮೂಲದ ನಾಲ್ಕು ಮುಖ್ಯ ಬೇರಿಂಗುಗಳ ಜೊತೆಗೆ ಪ್ರೊಪೆಲ್ಲರ್ ಬದಿಯಲ್ಲಿ ಐದನೆಯದೊಂದನ್ನು ಸೇರಿಸುವುದು ಆ ನಂತರ ರೂಢಿಗೆ ಬಂದಿತು. ಅಗ್ಗದ ಎಂಜಿನ್ನಿನ ವೆಚ್ಚಪಟ್ಟಿಗೆ ಹೀಗೆ ಎರಡು ಹೊಸ ಬಾಬುಗಳು ಸೇರಿದವು.

ಉಳಿದ ಬಾಬುಗಳೂ ಲಘುವಲ್ಲ. ಅರ್ಧ ಶತಮಾನಕ್ಕೂ ಹಳೆಯದಾದ ಎಂಜಿನ್ನಿನ ಪ್ರತಿಯೊಂದು ಭಾಗವನ್ನೂ ಬಿಚ್ಚಿ, ಅಳೆದು, ಕಣ್ಣಿಗೆ ಕಾಣದ ಬಿರುಕಿಗಾಗಿ ಕ್ರ್ಯಾಂಕ್ ಶಾಫ್ಟನ್ನು ಕಾಂತೀಯ ವಿಧಾನದಿಂದ ಪರೀಕ್ಷಿಸಬೇಕು. ಸಿಲಿಂಡರುಗಳನ್ನು ರೀಬೋರ್ ಮಾಡಿಸಿ ಫೋರ್ಜ್ ಮಾಡಿದ ಪಿಸ್ಟನ್ ಹಾಕಬೇಕು. ಕನೆಕ್ಟಿಂಗ್ ರಾಡಿನ ಬೋಲ್ಟು, ಬೇರಿಂಗು, ವಾಲ್ವುಗಳು ಹೊಸವೇ ಆಗಬೇಕು. ಅತಿಯಾಗಿ ಕಾದಾಗ ಅಲ್ಯೂಮಿನಿಯಂ ಹೆಡ್ಡಿನಿಂದ ವಾಲ್ವ್ ಸೀಟ್ ಸಡಿಲಗೊಳ್ಳುವುದರಿಂದ ಆ ಕೆಲಸವನ್ನು ನುರಿತ ಕುಶಲಕರ್ಮಿಗೇ ಒಪ್ಪಿಸಬೇಕು. ಇವೆಲ್ಲ ಮುಗಿಯುವ ವೇಳೆಗೆ ಗುಜರಿಯಲ್ಲಿ ತೆತ್ತ ಹಣ ಒಟ್ಟು ವೆಚ್ಚದ ಅತಿ ಚಿಕ್ಕ ಬಾಬಾಗಿ ಉಳಿದಿರುತ್ತದೆ.

ಉಳಿತಾಯ ಎಲ್ಲಿ?

ಹಾಗೆಂದು ಮಿತವ್ಯಯ ಅಸಾಧ್ಯವೆಂದಲ್ಲ. ಬಿಚ್ಚುವುದು, ತೊಳೆಯುವುದು, ತುಕ್ಕು ತೆಗೆಯುವುದು, ಸಿಲಿಂಡರುಗಳಿಗೆ ಗಾಳಿ ಹಾಯಿಸುವ ತಗಡಿನ ಕೆಲಸ, ಎಚ್ಚರಿಕೆಯಿಂದ ಮರುಜೋಡಿಸುವುದು ಇವೆಲ್ಲ ನಿರ್ಮಾತೃವಿನ ಸ್ವಂತ ಶ್ರಮದಿಂದ ಆಗುವಂಥವು. ಬಣ್ಣ, ಕ್ರೋಮಿಯಂ ಲೇಪನದಂತಹ ಅಲಂಕಾರವನ್ನು ಕೈಬಿಡಬಹುದು. ಅವಸರವಿಲ್ಲದಿದ್ದರೆ ಬಿಡಿಭಾಗಗಳನ್ನು ಹಂತಹಂತವಾಗಿ ಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷೆಯಲ್ಲಿ ಶಾಫ್ಟ್ ಬಿರುಕು ತೋರಿದರೆ ಅದುವರೆಗಿನ ಖರ್ಚನ್ನು ನಷ್ಟವೆಂದು ಬರೆದುಹಾಕುವ ಧೈರ್ಯ ಬೇಕು. ಈಗಾಗಲೇ ಹಣ ಹಾಕಿಯಾಗಿದೆ ಎಂಬ ಕಾರಣಕ್ಕೆ ದೋಷವುಳ್ಳ ಭಾಗವನ್ನು ಉಳಿಸಿಕೊಳ್ಳುವುದು ಮಿತವ್ಯಯವಲ್ಲ. ಎಂಜಿನ್ ನಿಂತರೆ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಬಹುದು, ಆಕಾಶದಲ್ಲಿ ಅಂಥ ಬದಿಯಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದಲೂ ಇದು ಗಮನಾರ್ಹ. ಭಾರತದ ಲೆಕ್ಕಪತ್ರ ಮಾನದಂಡ 10ರ ಪ್ರಕಾರ ಯಂತ್ರದ ವೆಚ್ಚವೆಂದರೆ ಖರೀದಿ ಬೆಲೆಯಷ್ಟೇ ಅಲ್ಲ. ಅದನ್ನು ಉದ್ದೇಶಿತ ಬಳಕೆಗೆ ಯೋಗ್ಯವಾದ ಸ್ಥಿತಿಗೆ ತರಲು ನೇರವಾಗಿ ತಗಲುವ ಖರ್ಚೂ ಅದರಲ್ಲಿ ಸೇರುತ್ತದೆ. ಈ ಅಳತೆಗೋಲನ್ನು ಹಿಡಿದರೆ ಮತ್ತೆರಡು ಅಂಶಗಳು ಹೊರಬೀಳುತ್ತವೆ. ಒಂದು, ನಿರ್ಮಾತೃವಿನ ದುಡಿಮೆ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಆ ದುಡಿಮೆಯಲ್ಲಿ ಸಂತೋಷ ಕಾಣದವನಿಗೆ, ಕೈಬದಲಾದ ಪ್ರಮಾಣೀಕೃತ ಎಂಜಿನ್ನೇ ಕೊನೆಗೆ ಅಗ್ಗವಾಗಬಹುದು. ಎರಡು, ಸಮಯಕ್ಕೂ ಬೆಲೆಯಿದೆ. ಪ್ರಮಾಣೀಕೃತ ಎಂಜಿನ್ ಮತ್ತು ಪ್ರೊಪೆಲ್ಲರುಗಳ ಜೋಡಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ 25 ಗಂಟೆಗಳ ಪ್ರಾಯೋಗಿಕ ಹಾರಾಟ ಸಾಕಾದರೆ, ಇತರ ಜೋಡಿಗಳಿಗೆ 40 ಗಂಟೆ ಬೇಕಾಗುತ್ತದೆ. ಬಾಡಿಗೆಗೆ ಜನರನ್ನಾಗಲೀ ಸರಕನ್ನಾಗಲೀ ಸಾಗಿಸಲು ಇಂಥ ವಿಮಾನಗಳಿಗೆ ಅನುಮತಿಯಿಲ್ಲ. ಎಂದರೆ, ಹೂಡಿದ ಹಣ ಆದಾಯವಾಗಿ ಹಿಂದಿರುಗದು.

ಆದುದರಿಂದ ಅಂದಾಜುಪಟ್ಟಿ ಆರಂಭವಾಗಬೇಕಾದುದು ಗುಜರಿಯ ಬೆಲೆಯಿಂದಲ್ಲ, ಪರೀಕ್ಷೆಯ ಖರ್ಚಿನಿಂದ. ಪರೀಕ್ಷೆ, ಶಾಫ್ಟಿನ ಸಂಸ್ಕರಣೆ, ಹೊಸ ಬಿಡಿಭಾಗ, ಅನಿರೀಕ್ಷಿತಕ್ಕೆಂದು ಪ್ರತ್ಯೇಕ ಮೊತ್ತ ಇವಿಷ್ಟನ್ನು ಮೊದಲು ಬದಿಗಿರಿಸಿ, ಉಳಿದ ಹಣದಲ್ಲಿ ಎಂಜಿನ್ ಕೊಳ್ಳುವುದೇ ವಿವೇಕ. ಹಳೆಯ ಬಾಯ್ಲರನ್ನೋ ಪ್ರೆಸ್ಸನ್ನೋ ಕೊಳ್ಳಹೊರಟ ಉದ್ಯಮಿಗೂ ಈ ಕ್ರಮವೇ ಅನ್ವಯಿಸುತ್ತದೆ, ಏಕೆಂದರೆ ಅವುಗಳ ಪಕ್ಕದಲ್ಲಿಯೂ ಕಾರ್ಮಿಕನೊಬ್ಬ ದಿನವಿಡೀ ನಿಂತಿರುತ್ತಾನೆ. ಶ್ರಮದಲ್ಲಿ, ಅಲಂಕಾರದಲ್ಲಿ, ಅವಸರದಲ್ಲಿ ಉಳಿಸಿದ ಹಣ ಲಾಭ. ಪರೀಕ್ಷೆಯಲ್ಲಿ ಉಳಿಸಿದ್ದು ಇನ್ನೂ ತೀರಿಸದ ಸಾಲವೇ ಸರಿ.