ಮಗು ನಿಲ್ಲಿಸಿದ ಜಾಗದಿಂದ

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ಬಸ್ಸಿನಲ್ಲಿ ನಿರ್ವಾಹಕ ‘ಹ್ಯಾಂಡ್‌ಪೋಸ್ಟ್’ ಎಂದು ಕೂಗಿದಾಗ, ಅದು ಇಂಗ್ಲಿಷ್ ಪದವೆಂಬುದು ಇಳಿಯುವವರಲ್ಲಿ ಯಾರ ನೆನಪಿಗೂ ಬರುವುದಿಲ್ಲ. ದಾರಿ ತೋರಿಸುವ ಕಂಬಕ್ಕೆ ‘ಕೈಮರ’ ಎಂಬ ಒಳ್ಳೆಯ ಕನ್ನಡ ಪದವಿದೆ. ಚಿಕ್ಕಮಗಳೂರಿನ ಕಡೆ ಆ ಹೆಸರಿನ ಊರೇ ಇದೆ. ಆದರೆ ಇಲ್ಲಿ ಇಂಗ್ಲಿಷೇ ಊರಾಗಿ ಉಳಿಯಿತು. ರಸ್ತೆ ಕವಲೊಡೆಯುವ ಈ ಜಾಗದಿಂದ ಒಂದು ದಾರಿ ಕೋಟೆಗೆ, ಇನ್ನೊಂದು ಸರಗೂರಿಗೆ. ಕಳೆದ ತಿಂಗಳು ಬಂಧುಗಳೊಬ್ಬರ ಗೃಹಪ್ರವೇಶಕ್ಕೆಂದು ಆ ಕಡೆ ಹೋಗಿದ್ದಾಗ, ಸುಮಾರು ಮೂರು ದಶಕಗಳ ಹಿಂದೆ ನಾನು ಅನ್ಯಾಯ ಮಾಡಿದ್ದ ನಿವೃತ್ತ ಶಿಕ್ಷಕಿಯೊಬ್ಬರನ್ನು ಭೇಟಿಯಾದೆ. ಈ ಬರಹಕ್ಕೆ ಅದೇ ಕಾರಣ.

1997ರ ಮಾತು. ನಾನಾಗ ಜಿಲ್ಲಾ ಮಟ್ಟದ ಹುದ್ದೆಯೊಂದರಲ್ಲಿದ್ದೆ. ನನ್ನದು ಶಿಕ್ಷಣ ಇಲಾಖೆಯಲ್ಲ. ಆದರೂ ಪ್ರಗತಿ ಪರಿಶೀಲನೆಯ ಹೆಸರಿನಲ್ಲಿ ಎಲ್ಲ ಇಲಾಖೆಗಳ ಅಧಿಕಾರಿಗಳೂ ಶಾಲೆಗಳಿಗೆ ಭೇಟಿ ಕೊಡಬೇಕೆಂಬ ಸೂಚನೆ ಇತ್ತು. ಹ್ಯಾಂಡ್‌ಪೋಸ್ಟ್‌ನಿಂದ ಒಂದಷ್ಟು ಒಳಗಿನ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ಹೋದೆ. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕುಳಿತಿದ್ದರು. ತಲೆಯ ಮೇಲೆ ದಾರ ಕಟ್ಟಿ ಚಿತ್ರಗಳನ್ನೂ ಎಲೆಗಳನ್ನೂ ತೂಗುಹಾಕಲಾಗಿತ್ತು. ಒಬ್ಬ ಹುಡುಗ ಗೋಡೆಯ ತಳಭಾಗದ ಕಪ್ಪುಹಲಗೆಯ ಮೇಲೆ ತನ್ನ ಪಾಡಿಗೆ ಬರೆಯುತ್ತಿದ್ದ. ಶಿಕ್ಷಕಿ ಎಲ್ಲಿ ಎಂದು ಹುಡುಕಬೇಕಾಯಿತು. ಅವರೂ ಮಕ್ಕಳ ನಡುವೆ ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತಿದ್ದರು. ಯಾರೂ ಎದ್ದು ನಿಲ್ಲಲಿಲ್ಲ. ‘ಒಂದನೇ ತರಗತಿ ಯಾವುದು, ಎರಡನೆಯದು ಯಾವುದು?’ ಎಂದು ಕೇಳಿದೆ. ‘ಎಲ್ಲಾ ಸೇರಿಕೊಂಡವ್ರೆ ಸಾರ್’ ಎಂದರು. ‘ಈ ತಿಂಗಳು ಎಷ್ಟು ಪಾಠ ಮುಗಿದಿದೆ?’ ಎಂದೆ. ‘ಯಾವ ಮಗೂದು ಸಾರ್?’ ಎಂದು ಮರುಪ್ರಶ್ನೆ ಹಾಕಿದರು. ನನಗೆ ಅದು ಉದ್ಧಟತನವಾಗಿ ಕೇಳಿಸಿತು. ತಪಾಸಣಾ ಟಿಪ್ಪಣಿಯಲ್ಲಿ ‘ಶಿಸ್ತಿನ ಕೊರತೆ, ಪಠ್ಯಕ್ರಮದ ನಿರ್ಲಕ್ಷ್ಯ, ವಿವರಣೆ ಪಡೆಯುವುದು’ ಎಂದು ಬರೆದು ಜೀಪು ಹತ್ತಿದೆ.

ನಾನು ನೋಡಿದ್ದು ‘ನಲಿ-ಕಲಿ’. 1995ರಲ್ಲಿ ಇದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ, ಸರ್ಕಾರಿ ಶಾಲೆಯ ಶಿಕ್ಷಕರೇ ಆರಂಭಿಸಿದ ಪ್ರಯೋಗ ಅದು. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಯ ಪುಟ್ಟ ಶಾಲೆಗಳನ್ನು ಕಂಡು ಬಂದ ಶಿಕ್ಷಕರು ಅಲ್ಲಿನ ಕಾರ್ಡುಗಳ ಮತ್ತು ಕಲಿಕಾ ಏಣಿಯ ಕ್ರಮವನ್ನು ತಮ್ಮ ನೆಲಕ್ಕೆ ಹೊಂದಿಸಿಕೊಂಡರು. ಪಠ್ಯಪುಸ್ತಕದ ಬದಲು ಕಾರ್ಡುಗಳು. ಪ್ರತಿ ಮಗುವೂ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ತಾನೇ ಗುರುತಿಸಿ, ಮುಂದಿನ ಕಾರ್ಡನ್ನು ತಾನೇ ತೆಗೆದುಕೊಳ್ಳಬೇಕು. ಕೆಲವರು ಶಿಕ್ಷಕರ ಪೂರ್ಣ ಬೆಂಬಲದಿಂದ, ಕೆಲವರು ಗೆಳೆಯರ ನೆರವಿನಿಂದ, ಕೆಲವರು ಸ್ವತಃ ಕಲಿಯುತ್ತಿರುತ್ತಾರೆ.

ಅಕ್ಷರಗಳ ಕ್ರಮವನ್ನೇ ನೋಡಿ. ನಾವೆಲ್ಲ ಅ, ಆ, ಇ, ಈ ಎಂದು ವರ್ಣಮಾಲೆಯನ್ನು ಬಾಯಿಪಾಠ ಮಾಡಿ ತಿಂಗಳುಗಟ್ಟಲೆ ಕಾದ ಮೇಲೆ ಒಂದು ಪದ ಓದಿದವರು. ನಲಿ-ಕಲಿಯ ಮಗು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತದೆ. ಈ ಐದರಲ್ಲೇ ‘ಸರ’ ಇದೆ, ‘ಅರಸ’ ಇದ್ದಾನೆ, ‘ಅಗಸ’ ಇದ್ದಾನೆ, ‘ಗರಗಸ’ವೂ ಇದೆ. ವರ್ಣಮಾಲೆ ಮುಗಿಯುವ ಮೊದಲೇ ಮಗು ಓದತೊಡಗುತ್ತದೆ. ವ್ಯಾಕರಣಕಾರನ ಅನುಕ್ರಮವೇ ಮಗುವಿನ ಅನುಕ್ರಮವೂ ಆಗಬೇಕಿಲ್ಲ ಎಂಬ ದೊಡ್ಡ ವಿಚಾರ ಇದರಲ್ಲಿ ಅಡಗಿದೆ. ಹಳಗನ್ನಡ ಕಲಿತ ನನ್ನಂಥವರಿಗೆ ಇದನ್ನು ಒಪ್ಪಲು ಸ್ವಲ್ಪ ಕಾಲ ಬೇಕಾಯಿತೆಂಬುದು ಬೇರೆ ಮಾತು.

ಈ ವಿಚಾರ ಬೆಂಗಳೂರಿನಲ್ಲಿ ಹುಟ್ಟದೆ ಕೋಟೆ ತಾಲ್ಲೂಕಿನಲ್ಲಿ ಏಕೆ ಬೇರೂರಿತು? ಈ ಸಲ ಆ ಶಿಕ್ಷಕಿ ಬಿಡಿಸಿ ಹೇಳಿದಾಗಲೇ ನನಗೆ ಪೂರ್ತಿ ಅರ್ಥವಾದದ್ದು. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆ ಹೊಗೆಸೊಪ್ಪಿನ ಕೊಯ್ಲು ಬಂದರೆ ಮನೆಮಂದಿಗೆಲ್ಲ ಕೆಲಸ. ಸೊಪ್ಪು ಪೋಣಿಸುವ ಕೈಗಳಲ್ಲಿ ಚಿಕ್ಕ ಕೈಗಳೂ ಇರುತ್ತಿದ್ದವು. ಅದು ಮುಗಿಯುವಷ್ಟರಲ್ಲಿ ಕೊಡಗಿನಲ್ಲಿ ಕಾಫಿ ಹಣ್ಣಾಗುತ್ತದೆ. ಹಾಡಿಗಳ ಜೇನುಕುರುಬ, ಯರವ ಕುಟುಂಬಗಳು ಮಕ್ಕಳನ್ನೂ ಕಟ್ಟಿಕೊಂಡು ತೋಟದ ಲೈನ್‌ಮನೆಗಳಿಗೆ ಹೋಗುತ್ತವೆ. ಎರಡು ಮೂರು ತಿಂಗಳ ನಂತರ ಮಗು ಶಾಲೆಗೆ ಮರಳಿದಾಗ ಪುಸ್ತಕ ಹತ್ತು ಪಾಠ ಮುಂದೆ ಹೋಗಿರುತ್ತದೆ. ಮಗು ಕೊನೆಯ ಸಾಲಿನಲ್ಲಿ ಕೂರುತ್ತದೆ, ಒಂದು ವಾರ ಬಾಯಿ ಬಿಡುವುದಿಲ್ಲ, ಆಮೇಲೆ ಬರುವುದನ್ನೇ ನಿಲ್ಲಿಸುತ್ತದೆ. ನಾವು ದಾಖಲೆಯಲ್ಲಿ ‘ಶಾಲೆ ಬಿಟ್ಟ ಮಗು’ ಎಂದು ಬರೆಯುತ್ತೇವೆ. ‘ಮಗು ಶಾಲೆ ಬಿಡಲ್ಲ ಸಾರ್. ಪುಸ್ತಕ ಮಗೂನ ಬಿಟ್ಟು ಮುಂದಕ್ಕೆ ಹೋಗಿರುತ್ತೆ’ ಎಂದರು ಅವರು.

ಅವರ ಶಿಕ್ಷಣ ತತ್ತ್ವ ಇಷ್ಟೇ: ಮಗು ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದಲೇ ಆರಂಭಿಸಬೇಕು, ‘ಇಷ್ಟು ದಿನ ಎಲ್ಲಿಗೆ ಹೋಗಿದ್ದೆ’ ಎಂದು ಗದರಿಸಬಾರದು. ಕಾರ್ಡು ಮಗುವಿಗಾಗಿ ಕಾಯುತ್ತದೆ. ಇದನ್ನು ಅವರು ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ಚಿಕ್ಕಂದಿನಲ್ಲಿ ತಾಯಿಯ ಕಾಯಿಲೆಯಿಂದಾಗಿ ಮೂರು ತಿಂಗಳು ಶಾಲೆ ತಪ್ಪಿಸಿಕೊಂಡು, ಮರಳಿದ ದಿನ ಬೆಂಚಿನ ಮೇಲೆ ನಿಂತ ಅನುಭವ ಅವರದು. ನಲಿ-ಕಲಿ ಆ ನಂಬಿಕೆಗೆ ಒಂದು ಉಪಕರಣವನ್ನು ಕೊಟ್ಟಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಮಾನಸಗಂಗೋತ್ರಿಯಲ್ಲಿ ನಾನು ಥಿಯೊಡೋರ್ ಶುಲ್ಟ್ಸ್‌ರ ‘ಮಾನವ ಬಂಡವಾಳ’ದ ಸಿದ್ಧಾಂತವನ್ನು ಓದಿದವನು. ಶಿಕ್ಷಣವನ್ನು ಹೂಡಿಕೆಯೆಂದು ಬಗೆದು, ಶಾಲೆಯಲ್ಲಿ ಕಳೆದ ವರ್ಷಗಳಲ್ಲಿ ಅದನ್ನು ಅಳೆಯುವುದು ನಮಗೆ ಸಹಜವಾಗಿತ್ತು. ವರ್ಷಗಳನ್ನು ಎಣಿಸುವುದು ಸುಲಭ, ಹಾಜರಿ ಪುಸ್ತಕ ಅದಕ್ಕೆಂದೇ ಇದೆ. ಕಲಿಕೆಯನ್ನು ಎಣಿಸಬೇಕಾದರೆ ‘ಯಾವ ಮಗುವಿನದು’ ಎಂದು ಕೇಳಬೇಕಾಗುತ್ತದೆ. ಆ ಪ್ರಶ್ನೆಯನ್ನು ಕೇಳಿದ ಶಿಕ್ಷಕಿಯನ್ನೇ ನಾನು ಉದ್ಧಟೆ ಎಂದುಕೊಂಡೆ.

2009–10ರಲ್ಲಿ ಸರ್ಕಾರ ನಲಿ-ಕಲಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಒಂದು ತಾಲ್ಲೂಕಿನ ಶಿಕ್ಷಕರ ಆಲೋಚನೆಗೆ ಇಡೀ ರಾಜ್ಯ ಕೊಟ್ಟ ಇಂಥ ಮನ್ನಣೆ ಅಪರೂಪದ್ದು. ಆಡಳಿತವನ್ನು ದೂರುವ ಮುನ್ನ ಇದನ್ನು ಹೇಳಲೇಬೇಕು. ಆದರೆ ಕಾರ್ಡುಗಳನ್ನು ಮುದ್ರಿಸಿ ಲಾರಿಯಲ್ಲಿ ಕಳುಹಿಸಬಹುದು, ಅವುಗಳ ಹಿಂದಿನ ನಂಬಿಕೆಯನ್ನು ಕಳುಹಿಸಲಾಗದು. ನಿವೃತ್ತಿಗೆ ಮುನ್ನ ಬೇರೆ ಬೇರೆ ಜಿಲ್ಲೆಗಳಲ್ಲಿ ನಾನು ಕಂಡ ಕೆಲವು ಶಾಲೆಗಳಲ್ಲಿ ಕಾರ್ಡುಗಳು ಬೀರುವಿನಲ್ಲಿ ಬೀಗದೊಳಗೆ ಸುರಕ್ಷಿತವಾಗಿದ್ದವು. ಮಕ್ಕಳು ಮುಟ್ಟಿದರೆ ಹಾಳಾಗುತ್ತವೆ, ಲೆಕ್ಕ ಕೊಡುವವರು ಯಾರು ಎಂಬ ಭಯ. ಇನ್ನು ಕೆಲವೆಡೆ ಇಡೀ ತರಗತಿ ಒಂದೇ ಕಾರ್ಡನ್ನು ಒಕ್ಕೊರಲಿನಿಂದ ಓದುತ್ತಿತ್ತು. ಆ ಶಿಕ್ಷಕರನ್ನು ನಾನು ದೂಷಿಸಲಾರೆ. ಒಬ್ಬರೇ ಶಿಕ್ಷಕರು, ಮೂರು ತರಗತಿ, ಜೊತೆಗೆ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಕೋಟೆಯಲ್ಲಿ ಶಿಕ್ಷಕರು ಸಂಜೆ ಕುಳಿತು ವಾದಿಸಿ, ಬರೆದು, ಹರಿದುಹಾಕಿ, ಮತ್ತೆ ಬರೆದ ಕಾರ್ಡುಗಳು ಉಳಿದೆಡೆ ಮೇಲಿನಿಂದ ಬಂದ ಇನ್ನೊಂದು ಸಾಮಗ್ರಿಯಾದವು.

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು: ಪ್ರತಿ ಶಿಕ್ಷಕರಿಗೂ ತಮ್ಮದೇ ತತ್ತ್ವವಿರಲಿ ಎಂದರೆ ಮಕ್ಕಳ ಗತಿಯೇನು? ನ್ಯಾಯವಾದ ಪ್ರಶ್ನೆ. ‘ಹಾಡಿ ಮಕ್ಕಳಿಗೆ ಗಣಿತ ಹತ್ತುವುದಿಲ್ಲ’ ಎಂದು ಪ್ರಾಮಾಣಿಕವಾಗಿ ನಂಬಿದ್ದ ಮುಖ್ಯೋಪಾಧ್ಯಾಯರೊಬ್ಬರನ್ನು ನಾನು ಬಲ್ಲೆ. ಬೆತ್ತವಿಲ್ಲದೆ ವಿದ್ಯೆಯಿಲ್ಲ ಎಂಬುದೂ ಒಂದು ತತ್ತ್ವವೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಬೇಕಾಯಿತು. ಆದರೆ ಇಂಥ ನಂಬಿಕೆಗಳು ಸುತ್ತೋಲೆಯಿಂದ ಅಳಿಯುವುದಿಲ್ಲ, ಅಡಗಿಕೊಳ್ಳುತ್ತವೆ. ಕೋಟೆಯ ಶಿಕ್ಷಕರ ತತ್ತ್ವ ವೈಯಕ್ತಿಕವಾಗಿದ್ದರೂ ಗುಟ್ಟಾಗಿರಲಿಲ್ಲ. ಅದನ್ನು ಸಹೋದ್ಯೋಗಿಗಳ ಎದುರು ಹೇಳಬೇಕಿತ್ತು, ಕಾರ್ಡಾಗಿ ಬರೆಯಬೇಕಿತ್ತು, ಮರುದಿನ ಮಗುವಿನ ಕೈಗೆ ಕೊಟ್ಟು ನೋಡಬೇಕಿತ್ತು. ಮಗು ಎಡವಿದರೆ ತಪ್ಪು ಕಾರ್ಡಿನದು.

ಇಂದು ನಾವು ಶಿಕ್ಷಕರ ಆಯ್ಕೆಯಲ್ಲಿ ಪಿಯಾಜೆ ಏನೆಂದ, ವೈಗೋಟ್‌ಸ್ಕಿ ಏನೆಂದ ಎಂದು ಕೇಳುತ್ತೇವೆ. ಗಾಂಧೀಜಿ, ಟಾಗೋರ್, ಗಿಜುಭಾಯಿಯವರ ಶಿಕ್ಷಣ ತತ್ತ್ವಗಳು ಹತ್ತು ಅಂಕದ ಉತ್ತರಗಳಾಗಿವೆ. ‘ನೀವು ಏನೆನ್ನುತ್ತೀರಿ’ ಎಂದು ಸೇವೆಯ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳುವುದಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳನ್ನು ಅಂಕಿಅಂಶ ಸಂಗ್ರಹದಿಂದ ಬಿಡಿಸಿ, ವರ್ಷಕ್ಕೆ ನಾಲ್ಕು ಬಾರಿಯಾದರೂ ಈ ಪ್ರಶ್ನೆಗೆ ಮೀಸಲಿಡಬಾರದೇಕೆ? ಐದು ಕಾರ್ಡು ಬದಲಿಸುವ ಅಧಿಕಾರವನ್ನು ಪ್ರತಿ ಶಾಲೆಗೂ ಕೊಟ್ಟರೆ ಖಜಾನೆಗೆ ಹೊರೆಯೇನಿಲ್ಲ. ಕೋವಿಡ್‌ನಿಂದ 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಚಿಕ್ಕ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರಿನಲ್ಲಿ. ರಾಜ್ಯದ ಮಕ್ಕಳೆಲ್ಲರೂ ಕಾಫಿ ತೋಟದಿಂದ ತಡವಾಗಿ ಮರಳಿದ ಹಾಡಿಯ ಮಕ್ಕಳಂತಾಗಿದ್ದರು. ಅದಕ್ಕೆಂದು 2022–23ರಲ್ಲಿ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮವನ್ನೇ ರೂಪಿಸಬೇಕಾಯಿತು. ಬಿಟ್ಟಲ್ಲಿಂದ ಹಿಡಿಯುವ ವಿದ್ಯೆ ಬಲ್ಲವರು ನಮ್ಮಲ್ಲೇ ಇದ್ದರು. ಅವರಲ್ಲಿ ಹಲವರು ಆ ವೇಳೆಗೆ ನಿವೃತ್ತರಾಗಿದ್ದರು.

ಅಂದಿನ ಟಿಪ್ಪಣಿಯ ವಿಷಯವನ್ನು ನಾನೇ ಎತ್ತಿ ಕ್ಷಮೆ ಕೇಳಿದೆ. ಅವರು ನಕ್ಕು, ಒಳಗಿನಿಂದ ಹಳೆಯ ಕಡತವೊಂದನ್ನು ತಂದರು. ನೋಟಿಸಿಗೆ ಕೊಟ್ಟ ವಿವರಣೆಯ ಪ್ರತಿ ಅದರಲ್ಲಿತ್ತು. ಅದರಲ್ಲಿ ಸಮರ್ಥನೆಯೂ ಇರಲಿಲ್ಲ, ಕ್ಷಮಾಪಣೆಯೂ ಇರಲಿಲ್ಲ. ಅಂದು ಹಾಜರಿದ್ದ ಇಪ್ಪತ್ತಾರು ಮಕ್ಕಳ ಹೆಸರು, ಪ್ರತಿ ಹೆಸರಿನ ಮುಂದೆ ಆ ಮಗು ಇದ್ದ ಮೆಟ್ಟಿಲು, ತಾನೇ ಓದಬಲ್ಲ ಪದಗಳು. ಒಂದು ಹೆಸರಿನ ಮುಂದೆ ಹೀಗಿತ್ತು: ‘ಎರಡೂವರೆ ತಿಂಗಳು ಕೊಡಗಿನಲ್ಲಿ. ಸೋಮವಾರ ಬಂದಳು. ಬಿಟ್ಟ ಕಾರ್ಡಿನಿಂದಲೇ ತೆಗೆದುಕೊಂಡಳು.’ ಕೆಳಗೆ ನನ್ನ ಕಚೇರಿಯ ಮೊಹರು, ‘ನೋಡಲಾಗಿದೆ’ ಎಂಬ ಷರಾ, ನನ್ನ ರುಜು. ಆ ಹಾಳೆಯನ್ನು ನಾನು ಓದಿದ್ದು ಕಳೆದ ತಿಂಗಳು, ಅವರ ಮನೆಯ ಜಗಲಿಯಲ್ಲಿ ಕುಳಿತು.