ಮೆಗಾಪಿಕ್ಸೆಲ್ ಲೆಕ್ಕ ಬಿಡ್ರಿ, ಎಲೆ ಮೇಲಿನ ಹುಳ ಕಾಣ್ತದೇನು ನೋಡ್ರಿ



ಬೆಳೆ ಫೋಟೋ ತೆಗೆಯಾಕ ಕ್ಯಾನನ್ 1500ಡಿ ತಗೊಳ್ಳೋದೋ, ನಿಕಾನ್ ಡಿ3500 ತಗೊಳ್ಳೋದೋ ಅಂತ ಹಲವರು ಕೇಳ್ತಿದ್ದೀರಿ. ಎರಡೂ 2018ರಲ್ಲಿ ಬಂದವು, ಎರಡೂ ಕಡಿಮೆ ರೊಕ್ಕದ ಡಿಎಸ್‌ಎಲ್‌ಆರ್‌ಗಳು. ಕೇಳೋದು ತಪ್ಪಲ್ಲ. ನನ್ನ ತಕರಾರು ಇರೋದು ಹೋಲಿಸೋ ರೀತಿಗೆ.

ಅಂಗಡಿಯವರನ್ನ ಕೇಳಿ, ವಿಡಿಯೋ ಮಾಡೋರನ್ನ ಕೇಳಿ, ಒಂದು ಪಟ್ಟಿ ಓದ್ತಾರೆ. ಇದರಲ್ಲಿ 24.1 ಮೆಗಾಪಿಕ್ಸೆಲ್, ಅದರಲ್ಲಿ 24.2. ಅಲ್ರೀ, ಇದೂ ಒಂದು ವ್ಯತ್ಯಾಸವೇನು? ಎಕರೆ ಹೊಲದಾಗ ಒಂದು ಬದುವಿನ ಅಗಲದಷ್ಟೂ ಇಲ್ಲ. ಫೋಕಸ್ ಪಾಯಿಂಟ್ ಕ್ಯಾನನ್ನಿಗೆ 9, ನಿಕಾನಿಗೆ 11 ಅಂತಾರೆ. ಎರಡರಲ್ಲೂ ಗಟ್ಟಿಯಾಗಿ ಹಿಡಿಯೋದು ನಟ್ಟನಡುವಿನ ಒಂದೇ ಪಾಯಿಂಟು, ಅದನ್ನ ಮಾತ್ರ ಯಾರೂ ಹೇಳಲ್ಲ.

ನಮ್ಮ ಕೆಲಸ ಏನು ಅನ್ನೋದನ್ನ ಮೊದಲು ನೋಡಬೇಕು. ಮದುವೆ ಫೋಟೋ ಅಲ್ಲ. ಮೆಣಸಿನ ಗಿಡದ ಎಲೆ ಮುಟುರಿದಾಗ ಮೇಲಕ್ಕೆ ದೋಣಿಯಂಗ ಮಡಚಿದ್ರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮಡಚಿದ್ರೆ ಮೈಟ್ ನುಸಿ. ಎರಡಕ್ಕೂ ಔಷಧಿ ಬೇರೆ. ನುಸಿಗೆ ಥ್ರಿಪ್ಸ್ ಔಷಧಿ ಹೊಡೆದ್ರೆ ರೊಕ್ಕ ಮಣ್ಣುಪಾಲು, ನುಸಿ ಅಲ್ಲೇ. 2021ರ ಹಂಗಾಮಿನಲ್ಲಿ ಕಪ್ಪು ಥ್ರಿಪ್ಸ್ ಆಂಧ್ರ, ತೆಲಂಗಾಣ, ನಮ್ಮ ಬಳ್ಳಾರಿ, ರಾಯಚೂರು ಕಡೆ ಮೆಣಸಿನ ಹೂವೆಲ್ಲ ಹಾಳು ಮಾಡಿದ್ದು ನೆನಪಿರಬಹುದು. ಇಂಥ ಹೊತ್ತಿನಲ್ಲಿ ವಿಜ್ಞಾನಿಗಳಿಗೆ ಮಸುಕು ಫೋಟೋ ಕಳಿಸಿದ್ರೆ ಅವರಾದರೂ ಏನು ಹೇಳ್ತಾರೆ?

ಈಗ ಲೆಕ್ಕ ಹಾಕೋಣ. ಥ್ರಿಪ್ಸ್ ಸುಮಾರು 1 ಮಿಲಿಮೀಟರ್ ಉದ್ದ. ಮೈಟ್ ನುಸಿ 0.2 ಮಿಲಿಮೀಟರ್. ಈ ಎರಡು ಕ್ಯಾಮೆರಾ ಜೊತೆ ಬರೋ 18-55 ಲೆನ್ಸ್ ಎಲೆಗೆ ಎಷ್ಟೇ ಹತ್ತಿರ ಒಯ್ದರೂ 6 ಸೆಂಟಿಮೀಟರಿಗಿಂತ ತುಸು ಅಗಲದ ಜಾಗ ಚಿತ್ರದಲ್ಲಿ ಬರ್ತದೆ. ಚಿತ್ರದ ಅಗಲ 6000 ಚುಕ್ಕಿ. ಅಂದ್ರೆ ಥ್ರಿಪ್ಸಿಗೆ ಸಿಗೋದು ನೂರು ಚುಕ್ಕಿಯೊಳಗೆ, ನುಸಿಗೆ ಇಪ್ಪತ್ತು. ಇಪ್ಪತ್ತು ಚುಕ್ಕಿಯಲ್ಲಿ ನುಸಿಯೂ ಒಂದೇ, ಧೂಳೂ ಒಂದೇ. ಯಾವ ಕಂಪನಿಯದು ತಗೊಂಡ್ರೂ ಈ ಕಥೆ ಹೀಗೇ. ಬಾಡಿ ಬದಲಿಸಿದ್ರೆ ಹುಳ ದೊಡ್ಡದಾಗಲ್ಲ, ಲೆನ್ಸ್ ಬದಲಿಸಿದ್ರೆ ಆಗ್ತದೆ.

ನನ್ನ ವೋಟು ನಿಕಾನಿಗೆ ಬೀಳೋದು ಇದೇ ಕಾರಣಕ್ಕೆ. ನಿಕಾನ್ ಲೆನ್ಸ್ ಕೂಡಿಸೋ ಬಾಯಿ 1959ರಿಂದ ಅದೇ ಇದೆ. ಕ್ಯಾನನ್ 1987ರಲ್ಲಿ ಹೊಸ ಬಾಯಿ ಮಾಡಿ, ಎಲ್ಲವನ್ನೂ ಕರೆಂಟಿನ ಮೇಲೆ ನಡೆಸಿತು. ಅದರ ಲೆನ್ಸಿನ ಮೇಲೆ ಅಪರ್ಚರ್ ತಿರುಗಿಸೋ ಬಳೆ ಇಲ್ಲ. ನಿಕಾನಿನ ಹಳೇ 50 ಎಂಎಂ ಎಫ್ 1.8ಡಿ ಲೆನ್ಸಿನಲ್ಲಿ ಆ ಬಳೆ ಇದೆ. ಒಂದು ಅಗ್ಗದ ರಿವರ್ಸ್ ರಿಂಗ್ ಹಾಕಿ ಲೆನ್ಸನ್ನ ಉಲ್ಟಾ ಕೂಡಿಸ್ರಿ, ಬಳೆಯನ್ನ ಕೈಯಿಂದ 8ಕ್ಕೆ ತಿರುಗಿಸ್ರಿ, ಹುಳ ಎಷ್ಟೋ ಪಟ್ಟು ದೊಡ್ಡದಾಗಿ ಕಾಣ್ತದೆ. ಡಿ3500 ಬಾಡಿಯಲ್ಲಿ ಮೋಟರ್ ಇಲ್ಲ, ಆ ಹಳೇ ಲೆನ್ಸ್ ತಾನಾಗಿ ಫೋಕಸ್ ಆಗಲ್ಲ ಅಂತ ಹೆದರಿಸ್ತಾರೆ. ನಿಜ, ಆಗಲ್ಲ. ಉಲ್ಟಾ ಹಾಕಿದ ಮೇಲೆ ಹೆಂಗೂ ಫೋಕಸ್ಸು ಕ್ಯಾಮೆರಾ ಹಿಂದೆ ಮುಂದೆ ಸರಿಸಿಯೇ ಮಾಡಬೇಕು. ಬೆಳಕಿನ ಲೆಕ್ಕ ಅದು ಹೇಳಲ್ಲ, ಎಂ ಮೋಡಿನಲ್ಲಿ ನಾಲ್ಕು ಫೋಟೋ ಹೊಡೆದು ನೀವೇ ಸರಿ ಮಾಡ್ಕೋಬೇಕು. ಗಾಳಿ ಏಳೋಕೆ ಮುಂಚೆ, ಬೆಳಗ್ಗೆ ಹೋಗ್ರಿ.

ಕ್ಯಾನನ್ನಿನವರು ಸಿಟ್ಟಾಗಬೇಡಿ. ಸಾದಾ ಕೆಲಸಕ್ಕೆ ಅವರ 50 ಎಂಎಂ ಎಸ್‌ಟಿಎಂ ಲೆನ್ಸ್ ಅಗ್ಗ, ಫೋಕಸ್ಸೂ ತಾನೇ ಆಗ್ತದೆ. ವೈಫೈ ಇದೆ, ನಿಕಾನಿನಲ್ಲಿ ಬರೀ ಬ್ಲೂಟೂತ್. ಆದರೆ ಬ್ಯಾಟರಿ? ಕಂಪನಿ ಲೆಕ್ಕದಲ್ಲೇ ಕ್ಯಾನನ್ ಒಂದು ಚಾರ್ಜಿಗೆ 500 ಫೋಟೋ, ನಿಕಾನ್ 1550. ಮೂರು ಪಟ್ಟು! ಕರೆಂಟು ಯಾವಾಗ ಬರ್ತದೆ, ಯಾವಾಗ ಹೋಗ್ತದೆ ಗೊತ್ತಿಲ್ಲದ ನಮ್ಮಂಥವರಿಗೆ ಪಟ್ಟಿಯ ಮೊದಲ ಸಾಲಿನಲ್ಲೇ ಇರಬೇಕಾದ ಮಾತು ಇದು. ಕೊನೇ ಸಾಲಿನಲ್ಲಿ ಬರೀತಾರೆ.

ಇನ್ನು "ಮೊಬೈಲ್ ಸಾಕಲ್ಲ ಕಾಕಾ" ಅನ್ನೋರು. ಇಡೀ ಗಿಡದ ಫೋಟೋಕ್ಕೆ, ಒಣಗಿದ ಸಾಲಿನ ಫೋಟೋಕ್ಕೆ ಸಾಕಪ್ಪ, ಯಾರು ಬೇಡ ಅಂದ್ರು? ಮೊಬೈಲ್ ಮುಂದೆ 10 ಪಟ್ಟಿನ ಭೂತಗನ್ನಡಿ ಹಿಡಿದ್ರೂ ಒಳ್ಳೇ ಫೋಟೋ ಬರ್ತದೆ. ಕ್ಯಾಮೆರಾ ತಗೊಳ್ಳಾಕ ಸಾಲ ಮಾಡೋ ಹಂಗಿದ್ರೆ ಭೂತಗನ್ನಡಿನೇ ತಗೊಳ್ರಿ. ಆದರೆ ಡಿಎಸ್‌ಎಲ್‌ಆರ್ ತಗೊಂಡು 18-55 ಬಿಚ್ಚದೇ ಹಂಗೇ ಇಟ್ಕೊಂಡು, ಹುಳ ಕಾಣವಲ್ದು ಅಂತ ಕ್ಯಾಮೆರಾಕ್ಕೆ ಬೈಯೋದು ಯಾವ ನ್ಯಾಯ?

ಡಿ3500 ತಯಾರಿಕೆ ನಿಂತಿದೆ, ಸೆಕೆಂಡ್ ಹ್ಯಾಂಡೇ ಹುಡುಕಬೇಕು. ಹೊಸಾದು ಬೇಕೇ ಬೇಕು ಅಂತಿದ್ರೆ ಕ್ಯಾನನ್ ತಗೊಂಡು, ಕರೆಂಟು ಹಾಯೋ ತಗಡಿರೋ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕ್ರಿ. ಟ್ಯೂಬಿನಲ್ಲಿ ಆ ತಗಡಿಲ್ಲದಿದ್ರೆ ಅಪರ್ಚರ್ ಬದಲಾಗಲ್ಲ, ನೋಡಿ ತಗೊಳ್ರಿ. ಹಳೇದು ತಗೊಳ್ಳೋರು ಲೆನ್ಸನ್ನ ಬೆಳಕಿಗೆ ಹಿಡಿದು ಒಳಗೆ ಬೂಸ್ಟು ಹಿಡಿದಿದೆಯಾ ನೋಡ್ರಿ. ನಿಕಾನಿನಲ್ಲಿ ಇನ್ನೊಂದು ಅನುಕೂಲ ಐತಿ: ಶಟರ್ ಎಷ್ಟು ಸಲ ಹೊಡೆದಿದೆ ಅನ್ನೋ ಲೆಕ್ಕ ಫೋಟೋ ಫೈಲಿನೊಳಗೇ ಬರೆದಿರ್ತದೆ. ಮಾರೋರ ಎದುರಿಗೇ ಒಂದು ಫೋಟೋ ತೆಗೆದು, ಕಂಪ್ಯೂಟರಿಗೆ ಹಾಕಿ ಓದಿಸ್ರಿ. "ಮನೇಲೇ ಇಟ್ಟಿದ್ದು, ಬಳಸೇ ಇಲ್ಲ" ಅನ್ನೋರ ಬಣ್ಣ ಅಲ್ಲೇ ಗೊತ್ತಾಗ್ತದೆ.

ಎರಡರಲ್ಲೂ ಸೆನ್ಸರ್ ತಾನಾಗಿ ಧೂಳು ಕೊಡವಲ್ಲ. ಲೆನ್ಸ್ ಬದಲಿಸೋ ಕೆಲಸ ಮನೆಯಲ್ಲೇ ಮುಗಿಸಿ ಹೊಲಕ್ಕೆ ಹೋಗ್ರಿ. ಕ್ಯಾಮೆರಾ ನೋಡಾಕ ಹೋಗುವಾಗ ಜೇಬಿನಲ್ಲಿ ಮುಟುರಿದ ಎಲೆ ನಾಲ್ಕು ಇರಲಿ, ಮಾರೋರ ಟೇಬಲ್ ಮೇಲೇ ಇಟ್ಟು ಫೋಟೋ ಹೊಡೀರಿ.