ನಲವತ್ತು ಜನರ ಹಬ್ಬದೂಟಕ್ಕೆ ಎರಡು ಕ್ವಿಂಟಾಲ್ ರಾಗಿ ಯಾಕೆ?

ಸಂಕ್ರಾಂತಿ ಹತ್ರ ಬಂತು. ರಾಗಿ ಒಕ್ಕಣೆ ಮುಗಿದು ಹುಲ್ಲು ಬಣವೆ ಸೇರಿದೆ. ಅವರೆಗೆ ಸೊಗಡು ಹತ್ತಿದೆ, ಬೆಳಗ್ಗೆ ಮಂಜಲ್ಲಿ ಕಾಯಿ ಬಿಡಿಸಿದ್ರೆ ಸಂಜೆವರೆಗೂ ಕೈ ಅದೇ ವಾಸನೆ. ಇವತ್ತು ಗೊಬ್ಬರ, ಔಷಧಿ ವಿಷಯ ಇಲ್ಲ. ಊಟದ ವಿಷಯ. ಆದ್ರೆ ಇದ್ರಲ್ಲೂ ಹೊಲದ ಲೆಕ್ಕ ಇದೆ, ಪೂರ್ತಿ ಓದಿ.

ನಮ್ಮ ಆಂಡರ್ಸನ್‌ಪೇಟೆ ಸುತ್ತಮುತ್ತ ಮನೆಗಳ ಕಥೆ ನಿಮಗೆ ಗೊತ್ತೇ ಇದೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ತು. ಅಲ್ಲಿಂದ ಈಚೆಗೆ ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗೋರೇ ಜಾಸ್ತಿ. ಅಣ್ಣತಮ್ಮ, ಅಕ್ಕತಂಗಿ, ಅವರ ಮಕ್ಕಳು ಎಲ್ಲಾ ಒಂದೇ ಮನೇಲಿ ಕೂಡೋದು ವರ್ಷಕ್ಕೆ ಒಂದೋ ಎರಡೋ ದಿನ. ಹಂಗೆ ಕೂಡಿದಾಗ ಮೂವತ್ತು ನಲವತ್ತು ಜನ ಆಗ್ತಾರೆ. ಇಷ್ಟು ಜನಕ್ಕೆ ಯಾರು ಬೇಯಿಸೋದು ಅಂತ ಈಗ ಹೊಸ ಅಭ್ಯಾಸ ಶುರುವಾಗಿದೆ: ಕೇಟರಿಂಗ್‌ಗೆ ಹೇಳಿ ಬಫೆ ಇಡಿಸೋದು. ಪಲಾವು, ಪನ್ನೀರ್ ಮಸಾಲ, ಗೋಬಿ, ಜಾಮೂನು, ಕಪ್ಪು ಐಸ್‌ಕ್ರೀಂ. ಯಾವ ಮನೆಗೆ ಹೋದ್ರೂ ಅದೇ ಪಟ್ಟಿ.

ಒಂದು ತಟ್ಟೆಗೆ ಬರೀ 250 ರೂಪಾಯಿ ಅಂತ ಇಟ್ಕೊಳ್ಳಿ. ನಲವತ್ತು ಜನಕ್ಕೆ 10,000. 2025-26ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಎರಡು ಕ್ವಿಂಟಾಲ್ ಮಾರಿದ್ರೂ 9,772. ಅದೂ ನೋಂದಣಿ ಮಾಡಿಸಿ, ಖರೀದಿ ಕೇಂದ್ರದಲ್ಲಿ ಮೂಟೆ ಇಟ್ಕೊಂಡು ಕಾದ ಮೇಲೆ. ಮಳೆ ನಂಬಿದ ಹೊಲದಲ್ಲಿ ಎರಡು ಕ್ವಿಂಟಾಲ್ ಅಂದ್ರೆ ಎಷ್ಟು ಗುಂಟೆ ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ. ಅಷ್ಟೂ ಒಂದು ಮಧ್ಯಾಹ್ನದ ಪನ್ನೀರಿಗೆ ಹೋಯ್ತು. ಅದೇ ನಲವತ್ತು ಜನ ಹೊಟ್ಟೆ ತುಂಬ ಮುದ್ದೆ ಉಂಡ್ರೆ ಖರ್ಚಾಗೋ ರಾಗಿ ನಾಲ್ಕೇ ನಾಲ್ಕು ಕೆಜಿ!

ಕೇಟರಿಂಗ್ ಮಾಡೋರು ನಮ್ಮ ಹುಡುಗರೇ, ಅವರ ದುಡಿಮೆ ಬಗ್ಗೆ ನನ್ನ ತಕರಾರಿಲ್ಲ. ಮುನ್ನೂರು ಜನದ ಮದುವೆ, ಗೃಹಪ್ರವೇಶಕ್ಕೆ ಅವರು ಬೇಕೇ ಬೇಕು. ನಾನು ಹೇಳ್ತಿರೋದು ಮನೆ ಜನರೇ ಸೇರೋ ಹಬ್ಬದ ಮಾತು. ನಾವೇ ಬೆಳೆದ ಅವರೇಕಾಯಿನ ಮಂಡಿಯವನು ಹೇಳಿದ ರೇಟಿಗೆ ಸುರಿದು ಬಂದು, ಅದೇ ದುಡ್ಡಿಗೆ ಸಾಲ ಸೇರಿಸಿ, ಎಲ್ಲಿದೋ ಗೊತ್ತಿಲ್ಲದ ಪನ್ನೀರ್ ತಂದು ನೆಂಟರಿಗೆ ಬಡಿಸೋದು ನನಗೆ ಸರಿ ಕಾಣಲ್ಲ.

ಬಫೆ ಬೇಡ ಅಂತಾನೂ ನಾನು ಹೇಳ್ತಿಲ್ಲ. ಮೇಜಿನ ಮೇಲೆ ಇಟ್ಟು, ಬೇಕಾದ್ದು ಬೇಕಾದಷ್ಟು ಹಾಕ್ಕೊಳ್ಳಿ ಅನ್ನೋದು ಒಳ್ಳೆ ಪದ್ಧತಿನೇ. ಯಾಕಂದ್ರೆ ಪಂಕ್ತಿ ಊಟದಲ್ಲಿ ನಮ್ಮ ಮನೆ ಹೆಣ್ಮಕ್ಕಳು ಯಾವತ್ತು ಬಿಸಿ ಊಟ ಮಾಡಿದ್ದಾರೆ? ಮೊದಲ ಪಂಕ್ತಿ ಗಂಡಸರು, ಎರಡನೇದು ಮಕ್ಕಳು ಮರಿ, ಕೊನೆಗೆ ತಪ್ಪಲೆ ತಳದಲ್ಲಿ ಉಳಿದ ಸಾರು ಅವರಿಗೆ. ಮೇಜಿನ ಮೇಲೆ ಇಟ್ಟುಬಿಟ್ರೆ ಬೇಯಿಸಿದೋರೂ ಎಲ್ಲರ ಜೊತೆಗೇ ತಟ್ಟೆ ಹಿಡಿಬಹುದು. ಆದ್ರೆ ವಯಸ್ಸಾದೋರನ್ನ ಕ್ಯೂನಲ್ಲಿ ನಿಲ್ಲಿಸಬೇಡಿ. ಅವರಿಗೆ ಒಂದು ಕಡೆ ಎಲೆ ಹಾಕಿ, ಕೂರಿಸಿ, ಬಡಿಸಿ. ಎರಡೂ ಒಟ್ಟಿಗೆ ನಡೆಯುತ್ತೆ.

ಖರ್ಚು ಏರೋದು ಬಫೆಯಿಂದ ಅಲ್ಲ, ಐಟಂ ಲೆಕ್ಕದಿಂದ. ಹದಿನೈದು ಐಟಂ ಇಟ್ರೆ ಪ್ರತಿಯೊಬ್ಬರೂ ಎಲ್ಲಾ ಒಂದೊಂದು ಚಮಚ ಹಾಕ್ಕೊಂಡು ಅರ್ಧ ಬಿಸಾಕ್ತಾರೆ. ಏಳು ಸಾಕು. ನಮ್ಮ ಮನೇಲಿ ನಲವತ್ತು ಜನಕ್ಕೆ ಹಾಕೋ ಅಳತೆ ಹೇಳ್ತೀನಿ, ನಿಮ್ಮ ಮನೆ ಹೊಟ್ಟೆ ನೋಡ್ಕೊಂಡು ಹೆಚ್ಚುಕಮ್ಮಿ ಮಾಡ್ಕೊಳ್ಳಿ.

ಮೊದಲು ಹಿತಕಬೇಳೆ ಸಾರು. ಇದೇ ರಾಜ, ಬೇರೆ ಎಲ್ಲಾ ಇದರ ಹಿಂದೆ. ಹತ್ತು ಕೆಜಿ ಒಳ್ಳೆ ಕಾಯಿ ಬಿಡಿಸಿ, ಕಾಳು ನೆನೆಸಿ ಹಿತಕಿದ್ರೆ ಮೂರು ಕೆಜಿ ಆಸುಪಾಸು ಬೇಳೆ ಕೈಗೆ ಬರುತ್ತೆ, ಅಷ್ಟಿದ್ರೆ ಧಾರಾಳ. ಜನ ಹೆದರೋದು ಈ ಹಿತಕೋ ಕೆಲಸಕ್ಕೇನೆ. ಒಬ್ಬಳೇ ಹೆಂಗಸು ಕೂತ್ರೆ ಸೊಂಟ ಬಿದ್ದು ಹೋಗುತ್ತೆ ನಿಜ. ಅದಕ್ಕೇ ಹಿಂದಿನ ದಿನ ಕಾಳು ನೆನೆಹಾಕಿ, ರಾತ್ರಿ ನೆಂಟರು ಬಂದು ಇಳಿದ ಮೇಲೆ ನಡುಮನೇಲಿ ದೊಡ್ಡ ತಟ್ಟೆಗಳಲ್ಲಿ ಸುರಿದುಬಿಡಿ. ಗಂಡಸರೂ ಕೂರಬೇಕು. ಟಿವಿ ಆಫ್ ಮಾಡಿ. ಹತ್ತು ಜನ ಕೂತ್ರೆ ಮಾತಾಡ್ತಾ ಮಾತಾಡ್ತಾನೇ ಮುಗಿಯುತ್ತೆ. ಬೆಂಗಳೂರು ಮಕ್ಕಳು ಬೇಳೆ ಹಾರಿಸಿ ಆಟ ಆಡ್ತಾರೆ, ಆಡ್ಲಿ ಬಿಡಿ.

ಮುದ್ದೆಗೆ ನಾಲ್ಕು ಕೆಜಿ ಹಿಟ್ಟು. ದಿನಾ ಕಟ್ಟೋ ಗಾತ್ರ ಬೇಡ, ಕೆಜಿಗೆ ಇಪ್ಪತ್ತರಂತೆ ಸಣ್ಣ ಸಣ್ಣದು ಕಟ್ಟಿ, ತಲೆಗೆ ಎರಡು ಬರುತ್ತೆ. ಒಂದೇ ಸಲ ತೊಳಸಬೇಡಿ, ಆರಿದ್ರೆ ಗಟ್ಟಿಯಾಗಿ ಯಾರೂ ಮುಟ್ಟಲ್ಲ. ಎರಡು ಕೆಜಿ ಮೊದಲು, ಅದು ಅರ್ಧ ಖಾಲಿ ಆದಾಗ ಇನ್ನೆರಡು. ಹಾಟ್‌ಬಾಕ್ಸಲ್ಲಿ ಒದ್ದೆ ಬಟ್ಟೆ ಹಾಸಿ ಮುಚ್ಚಿಟ್ರೆ ಮೆತ್ತಗಿರುತ್ತೆ.

ಸಿಹಿ ಒಂದೇ, ಸಿಹಿ ಪೊಂಗಲ್ಲು. ಒಂದು ಕೆಜಿ ಅಕ್ಕಿ, ಅರ್ಧ ಕೆಜಿ ಹೆಸರುಬೇಳೆ, ಒಂದೂವರೆ ಕೆಜಿ ಬೆಲ್ಲ. ಸೌಟು ಹಿಡ್ಕೊಂಡು ಅಲ್ಲಿ ಒಬ್ಬರು ನಿಲ್ಲಬೇಕು, ಇಲ್ಲಾಂದ್ರೆ ಮೊದಲ ಹತ್ತು ಜನಕ್ಕೇ ಮುಗಿಯುತ್ತೆ. ಅನ್ನಕ್ಕೆ ಮೂರು ಕೆಜಿ ಅಕ್ಕಿ, ಅದಕ್ಕೆ ತಿಳಿಸಾರು. ಕೋಸಂಬರಿಗೆ ಅರ್ಧ ಕೆಜಿ ಹೆಸರುಬೇಳೆ, ಎರಡು ಕೆಜಿ ಸೌತೆಕಾಯಿ, ಉಪ್ಪು ಮಾತ್ರ ಬಡಿಸೋ ಹೊತ್ತಿಗೆ. ಮುಂಚೆನೇ ಹಾಕಿದ್ರೆ ನೀರು ಬಿಟ್ಕೊಂಡು ಕೆಡುತ್ತೆ. ಮೊಸರನ್ನ ಒಂದು ಕೆಜಿ ಅಕ್ಕಿದು ಮಾಡಿ, ಅದನ್ನೂ ಕೊನೆಗೇ ಕಲಸಿ, ಬೆಳಗ್ಗೆ ಕಲಸಿಟ್ರೆ ಮಧ್ಯಾಹ್ನಕ್ಕೆ ಹುಳಿ ಆಗುತ್ತೆ. ಉಪ್ಪಿನಕಾಯಿ ಮನೇದೇ ಇರುತ್ತೆ. ಬೇಯಿಸಿದ ಅವರೆ, ಗೆಣಸು, ಕಡ್ಲೆಕಾಯಿ ಮಂಕರಿಲಿ ಹಾಕಿ ಜಗಲಿ ಮೇಲೆ ಇಟ್ಬಿಡಿ. ಅದು ಐಟಂ ಲೆಕ್ಕಕ್ಕಿಲ್ಲ, ಹಬ್ಬಕ್ಕೆ ಹೆಂಗೂ ಬೇಯಿಸ್ತೀವಿ. ಊಟ ತಡ ಆದ್ರೂ ಯಾರೂ ಗೊಣಗಲ್ಲ.

ಟೊಮೇಟೊ ಮೇಲೆ ನಿಂತ ಅಡುಗೆ ಯೋಚನೆ ಮಾಡಿ ಇಟ್ಕೊಳ್ಳಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ಅದೇ ಟೊಮೇಟೊನ ಬೇರೆ ವರ್ಷ ರಸ್ತೆ ಬದಿ ಸುರಿದಿದ್ದೂ ನಾವೇ. ರೇಟು ಇಲ್ಲದಾಗ ಗೊಜ್ಜು ಮಾಡಿ, ಏರಿದಾಗ ಮಾರಿ. ಸಾರಿಗೆ ಹುಣಸೆಹಣ್ಣು ಇದ್ದೇ ಇದೆ.

"ನೆಂಟರು ಏನಂದ್ಕೊಂತಾರೆ" ಅನ್ನೋದು ದೊಡ್ಡ ಪ್ರಶ್ನೆ. ನಾನು ಕೇಳ್ತೀನಿ, ಬೆಂಗಳೂರಲ್ಲಿ ಅವರು ಪನ್ನೀರು ಗೋಬಿ ಕಾಣದೇ ಇದ್ದಾರಾ? ಅಲ್ಲಿ ಅವರೇಬೇಳೆ ಮೇಳ ಅಂದ್ರೆ ಕ್ಯೂ ನಿಂತು ದುಡ್ಡು ಕೊಟ್ಟು ತಿಂತಾರೆ. 2023ನ್ನ ವಿಶ್ವಸಂಸ್ಥೆನೇ ಸಿರಿಧಾನ್ಯ ವರ್ಷ ಅಂತ ಮಾಡಿತ್ತು. ರಾಗಿ ಬೆಳೆಯೋ ನಾವು ಮಾತ್ರ ನೆಂಟರ ಮುಂದೆ ಮುದ್ದೆ ಇಡೋಕೆ ನಾಚಿಕೊಳ್ತೀವಿ. ನಮ್ಮ ಬಂಗಾರಪೇಟೆ ಪಾನಿಪುರಿ ನೋಡಿ. ಬೇರೆ ಕಡೆ ಹಸಿರು ನೀರು, ನಮ್ಮಲ್ಲಿ ಬಣ್ಣವೇ ಇಲ್ಲದ ತಿಳಿ ನೀರು, ಆದ್ರೆ ಬಾಯಿಗಿಟ್ರೆ ಖಾರ. ಇವತ್ತು ಬೆಂಗಳೂರಲ್ಲಿ ಬಂಗಾರಪೇಟೆ ಹೆಸರು ಹಾಕ್ಕೊಂಡೇ ಅಂಗಡಿ ನಡೆಸ್ತಾರೆ. ಸಂಜೆಗೆ ಮಕ್ಕಳು ಚಾಟ್ ಕೇಳಿದ್ರೆ ಪೂರಿ ಪ್ಯಾಕೆಟ್ ತಂದು ಆ ನೀರು ಮನೇಲೇ ಮಾಡಿ ಕೊಡಿ, ಐಸ್‌ಕ್ರೀಂ ನೆನಪೇ ಬರಲ್ಲ.

ಒಬ್ಬರ ಮೇಲೇ ಭಾರ ಬೀಳಬಾರದು ಅಂದ್ರೆ ಇನ್ನೊಂದು ದಾರಿ ಇದೆ, ಮನೆಗೊಂದು ಐಟಂ ಹಂಚೋದು. ಕೆಜಿಎಫ್ ಕಡೆ ಕ್ರಿಸ್‌ಮಸ್‌ಗೆ ತಟ್ಟೆ ಮೇಲೆ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗೆ ತಿಂಡಿ ಕಳಿಸ್ತಾರಲ್ಲ, ಹಂಗೇ. ತಮಿಳು ಮನೆಯಿಂದ ಬಂದ ಸೊಸೆ ಇದ್ರೆ ಪೊಂಗಲ್ ಅವಳ ಕೈಗೆ ಬಿಡಿ, ನಮಗಿಂತ ಚೆನ್ನಾಗಿ ಮಾಡ್ತಾಳೆ. ತಂಗಿ ಮನೆಯೋರು ಮೊಸರು ತರ್ಲಿ. ಟ್ರೈನಲ್ಲಿ ಬರೋರು ಸಾರು ತರೋಕಾಗಲ್ಲ, ಅವರು ಬಾಳೆಹಣ್ಣು, ವೀಳ್ಯದೆಲೆ ತಂದ್ರೆ ಸಾಕು. ಮಾಂಸ ತಿನ್ನೋರ ಮನೇಲಿ ಹಬ್ಬದ ಮಾರನೇ ದಿನ ಅದೇ ಹಿತಕಬೇಳೆಗೆ ಮಾಂಸ ಹಾಕಿ ಸಾರು ಮಾಡಬಹುದು, ಅದಕ್ಕೆ ಒಂದು ಪಾಲು ಬೇಳೆ ಮೊದಲೇ ಎತ್ತಿಡಿ.

ಕುಡಿಯೋಕೆ ಬೋರ್‌ವೆಲ್ ನೀರು ಇಡಬೇಡಿ, ನಮ್ಮ ಜಿಲ್ಲೆ ನೀರಲ್ಲಿ ಫ್ಲೋರೈಡ್ ಇದೆ. ಶುದ್ಧ ನೀರಿನ ಘಟಕದಿಂದ ಎರಡು ಮೂರು ಕ್ಯಾನ್ ಹಿಡಿದು ತನ್ನಿ. ಬಾಟಲಿ ಕೇಸ್ ತರೋ ಖರ್ಚು ಉಳಿಯುತ್ತೆ. ತಟ್ಟೆಗೆ ಅಡಿಕೆ ಹಾಳೇದು ಗಟ್ಟಿ, ಮುದ್ದೆ ಸಾರು ತಡ್ಕೊಳುತ್ತೆ, ಆಮೇಲೆ ತಿಪ್ಪೆಗೆ ಹಾಕಬಹುದು. ಅವರೆ ಸಿಪ್ಪೆ ಹಸುವಿಗೆ.

ಪಾತ್ರೆ, ಮೇಜು ಬೇಕಾದೋರು ಶಾಮಿಯಾನ ಅಂಗಡಿಗೆ ಈ ವಾರವೇ ಹೇಳಿಡಿ. ಹಬ್ಬದ ಹಿಂದಿನ ದಿನ ಹೋದ್ರೆ ದೊಡ್ಡ ತಪ್ಪಲೆ ಸಿಗಲ್ಲ.